ಹಗೇವಿನ ಮ್ಯಾಲ ಕುಂತು ಓದಿದ ಕಥಿ

"ಹೆಣಮಕ್ಕಳಿಗ್ಯಾಕ ಬೇಕು ಕಳ್ಳರ ಕಥಿ?" ಅಂತ ಕೇಳೋರು ಈಗಲೂ ಅದಾರ. ಬೇಕ್ರಿ. ನನಗ ಬೇಕಾಗಿತ್ತು, ಓದೀನಿ, ಹೊಟ್ಟಿ ತುಂಬ ಖುಷಿ ಪಟ್ಟೀನಿ. ಅದಕ್ಕ ಯಾರ ಮುಂದೂ ತಲಿ ತಗ್ಗಸೂದಿಲ್ಲ.

ವಿಜಾಪುರದ ಜೋರಾಪುರ ಪೇಟ್ಯಾಗ ನಮ್ಮಪ್ಪಂದು ಕಿರಾಣಿ ಅಂಗಡಿ. ಬೆಲ್ಲ ಕಟ್ಟಾಕ ತಂದ ರದ್ದಿಯೊಳಗ ಆ ಕಾದಂಬರಿ ಸಿಕ್ಕಿತ್ತು. ರಟ್ಟು ಹರದಿತ್ತು, ಬರದವರ ಹೆಸರೂ ಅದರ ಕೂಡನ ಹೋಗಿತ್ತು. ಲಗ್ನಾಗಿ ಬಬಲೇಶ್ವರಕ್ಕ ಬರೂವಾಗ ಸೀರಿ ಮಡಿಕ್ಯಾಗ ಇಟಗೊಂಡು ಬಂದೆ. ಚುಕ್ಕಿಯಿಂದ ಚುಕ್ಕಿಗೆ ಹಾರೂ ಹಡಗು, ಅದರಾಗ ಕಳ್ಳಮಾಲು ಸಾಗಸೂ ನಾಕು ಮಂದಿ. ಹಡಗಿನ ಒಡತಿ ಒಂಟಿಗಣ್ಣಿನ ವಿಧವಿ, ಬಾಯಿ ಭಾಳ ಜೋರು. ಅಡಗಿ ಮಾಡಾಂವ ಅಂಜುಬುರುಕ. ಕಾವಲಿನ ಹಡಗು ಬೆನ್ನು ಹತ್ತಿದ್ರೂ ಇವರು ಸಾರಿಗೆ ಉಪ್ಪು ಹೆಚ್ಚಾತಂತ ಜಗಳಾಡಾವರು. ಆಕಾಶ, ಚುಕ್ಕಿ ಎಲ್ಲಾ ಒತ್ತಟ್ಟಿಗಿರಲಿ, ನನಗ ಆ ನಾಕು ಮಂದಿ ಮ್ಯಾಲ ಜೀವ.

ಮಧ್ಯಾಹ್ನ ಅಂಗಳದಾಗ ಅತ್ತಿ ಕೌದಿ ಹಾಸಿ ಹೊಲಿಯೋರು, ನಾ ಅದರ ತುದಿ ಮ್ಯಾಲ ಕುಂತು ಓದಾಕಿ. ಅತ್ತಿಗೆ ಅಕ್ಷರ ಬರತಿದ್ದಿಲ್ಲ, ಆದ್ರ ಆ ಒಡತಿ ಅಂದ್ರ ಪ್ರಾಣ. "ಆಕಿ ಉಂಡಳೇನವಾ, ಇಲ್ಲಾ ಹಂಗ ಹ್ವಾದಳು?" ಅಂತ ಸೂಜಿ ನಿಲ್ಲಿಸಿ ಕೇಳೋರು.

ಕೌದಿ ಅಲ್ಲಿ ಹಾಸಿದ್ದೂ ಸುಮ್ಮನ ಅಲ್ಲ. ಅದರ ಕೆಳಗ ಹಗೇವು, ನೆಲದಾಗ ತೋಡಿದ ಜ್ವಾಳದ ಗುಂಡಿ. ಯುದ್ಧದ ಕಾಲ ಅದು, ಸರಕಾರ ಮನಿಮನಿಯಿಂದ ಜ್ವಾಳ ಎತ್ತಿ ಒಯ್ಯಾಕತ್ತಿತ್ತು. ನನ್ನ ಗಂಡನ ಅಣ್ಣ, ನಮ್ಮ ಭಾವ, ವರ್ಷದ ಕೂಳು ಅದರಾಗ ಮುಚ್ಚಿಟ್ಟಿದ್ರು. ಅದು ಹೋದ್ರ ಮನಿಮಂದಿ ಎಲ್ಲಾ ಉಪಾಸ.

ಒಂದಿನ ನಾ ಒಡತಿ ಮಾತು ಜೋರಾಗಿ ಓದಿದೆ. "ಕಾವಲಿನವರು ಬರೂದ್ರೊಳಗ ಚೀಲ ಮುಚ್ಚರಿ! ಸುಳಿವು ಸಿಕ್ಕರ ಸತ್ತಿವಿ!" ಗ್ವಾಡಿ ಆಚೆ ಹೊಂಟಿದ್ದ ಊರ ವಾಲಿಕಾರ, ಚಾವಡಿ ಆಳು, ಕೇಳಿಸಿಕೊಂಡ. ನಮ್ಮ ಮನಿಯ ಮಾತ ಅಂತ ತಿಳಕೊಂಡು ಓಡಿ ಹೋಗಿ ಚಾವಡ್ಯಾಗ ಹೇಳಿದ. ಚಾದ ಹೊತ್ತಿಗೆ ಜ್ವಾಳ ವಸೂಲಿ ಸಾಹೇಬ ಅಂಗಳದಾಗ ಬಂದು ನಿಂತ.

"ಏನು ಮುಚ್ಚಾಕತ್ತೀರಿ? ಯಾರು ಅಂದದ್ದು ಅದನ್ನ?"

ಭಾವನ ಮಾರಿ ಬಿಳಿಚಿತು. ನಮ್ಮ ಮನಿಯವರು ಜೈನಾಪುರದ ಹೊಲಕ್ಕ ಹೋಗಿದ್ರು. ನಾನರ ಹೇಳಬೇಕಂದ್ರ, ಭಾವನ ಎದುರು ತಮ್ಮನ ಹೆಂಡತಿ ಮಾತಾಡೂ ಹಂಗಿಲ್ಲ. ಏನಿದ್ರೂ ಅತ್ತಿ ಕಿವ್ಯಾಗ ಹೇಳಬೇಕು, ಅತ್ತಿ ಅದನ್ನ ದಾಟಸಬೇಕು. ಆದ್ರ ಓದಬಾರದು ಅಂತ ಯಾರೂ ಅಂದಿದ್ದಿಲ್ಲ! ಸೆರಗು ಮುಂದಕ್ಕ ಎಳಕೊಂಡೆ, ಕೌದಿ ಬಿಟ್ಟು ಏಳದ ಅದ ಪುಟ ಮತ್ತೊಮ್ಮೆ ಓದಿದೆ. ಅಡಗಿಯಂವ ಹೆದರಿ ಹಂಡೇದಾಗ ಅಡಗಿ ಕುಂತದ್ದು, ಒಡತಿ ಅವನ ಕೂದಲಾ ಹಿಡದು ಎಳದದ್ದು, ಎಲ್ಲಾ ಓದಿದೆ. ಸಾಹೇಬ ಮೊದಲ ಹುಬ್ಬು ಗಂಟಿಕ್ಕಿದ, ಆಮ್ಯಾಲ ನಕ್ಕ, ಕಟ್ಟಿ ಮ್ಯಾಲ ಕುಂತು ಚಾ ಕುಡದ. ವಾಲಿಕಾರನ್ನ ಬೈಕೋತ ಎದ್ದು ಹೋದ.

ಅವ ಓಣಿ ದಾಟಿದ್ದ ತಡ, ಭಾವ ಅತ್ತಿ ಕಡೆ ತಿರುಗಿದ್ರು. "ಯವ್ವಾ, ಆಕಿಗೆ ಹೇಳು. ಆ ಪುಸ್ತಕ ಈಗಿಂದೀಗ ಒಲಿಗೆ ಹಾಕಬೇಕು. ಇಲ್ಲಂದ್ರ ನಾಳೆ ವಿಜಾಪುರದ ಗಾಡಿ ಹತ್ತಿ ತವರಿಗೆ ಹೋಗಲಿ. ಕಳ್ಳರ ಕಥಿ ಓದೂ ಹೆಣಮಗಳು ನಮ್ಮ ಮನಿಗೆ ಬ್ಯಾಡ."

ನನಗ ಅಂಗಾಲಿನಿಂದ ನೆತ್ತಿತನಕಾ ಉರಿ ಹತ್ತಿತು. ಇನ್ನೂ ಮುಗಿಸಿದ್ದಿಲ್ಲ ನಾ, ಅಡಗಿಯಂವ ಉಳದನೋ ಸತ್ತನೋ ಗೊತ್ತಿದ್ದಿಲ್ಲ. ಅತ್ತಿ ಕಿವಿ ಕಡೆ ಬಗ್ಗಲಿಲ್ಲ. ಸೆರಗಿನೊಳಗಿಂದನ, ನೆಟ್ಟಗ ಅಂದೆ:

"ಹಾಕತೀನ್ರಿ ಭಾವ. ಮೊದಲ ಈ ಕೌದಿ ಎತ್ತರಿ, ಹಗೇವಿನ ಬಾಯಿ ತಗೀರಿ, ಸಾಹೇಬನ್ನ ಹೊಳ್ಳಿ ಕರೀರಿ. ಕಳ್ಳರು ಈ ಮನ್ಯಾಗ ಇರಬಾರದಂದ್ರ ಯಾರೂ ಇರೂದು ಬ್ಯಾಡ."

ಅತ್ತಿ ನನಗ ಬೈತಾರ ಅಂತ ಭಾವ ಅವರ ಮಾರಿ ನೋಡಿದ್ರು. ಅತ್ತಿ ಸೂಜಿಗೆ ದಾರ ಪೋಣಸಾಕತ್ತಿದ್ರು.

"ಆಕಿ ಅಂದದ್ದು ಕೇಳಿಸಿಲ್ಲೇನಲೇ? ನಾ ಮತ್ತ ದಾಟಸಬೇಕೇನು?" ಅಂದ್ರು. ಆಮ್ಯಾಲ ನನ್ನ ಕಡೆ ತಿರುಗಿ, "ಓದವಾ. ಆ ಅಂಜುಬುರುಕ ಏನಾದ?"

ವಾಲಿಕಾರ ಮತ್ತ ಗ್ವಾಡಿ ಆಚೆ ಹೊಂಟಿದ್ದ, ಅವನ ರುಮಾಲು ಕಾಣತಿತ್ತು. ನಾ ಮೊದಲಿಗಿಂತ ಜೋರಾಗಿ ಓದಿದೆ.