ಒಂದೇ ಸಾಲಿನಲ್ಲಿ ಮಲಗಿದವರು

ಎಸ್ತೇರಾ, ಯೋಹಾನಾ, ನಾನು ಹುಕ್ಕೇರಿಗೆ ಬಂದ ಮರುದಿನ ನಿಮ್ಮ ಅಜ್ಜ ನನ್ನನ್ನು ಮೊದಲು ಕರೆದೊಯ್ದದ್ದು ಸ್ಮಶಾನಕ್ಕೆ. ಹೊಸ ಊರಿಗೆ ಬಂದ ಹೆಂಡತಿಗೆ ಯಾರಾದರೂ ಅದನ್ನು ತೋರಿಸುತ್ತಾರೆಯೇ? ನಡುವೆ ಕಳ್ಳಿಬೇಲಿ. ಈಚೆ ಒಕ್ಕಲುತನದ ಮನೆಗಳಿಂದ ಕ್ರೈಸ್ತರಾದವರು, ಆಚೆ ಊರ ಹೊರಗಿನ ಕೇರಿಯಿಂದ ಬಂದವರು. ಪ್ರಾರ್ಥನೆಗೆ ಎಲ್ಲರೂ ಒಂದೇ ಸೂರಿನ ಕೆಳಗೆ, ಸತ್ತ ಮೇಲೆ ಬೇರೆ ಬೇರೆ.

"ಈ ಬೇಲಿ ಕೀಳಾಕ ಬಂದೇನಿ," ಎಂದರು.

ಅವರು ಅಲ್ಲಿಯ ಹೊಸ ಉಪದೇಶಕರು, ಜನರ ಬಾಯಲ್ಲಿ ಅಯ್ಯನವರು. ನಾನು ಮಮದಾಪುರದ ಲಿಂಗವಂತರ ಮಗಳು, ಊರ ಸಾಲೆಯಲ್ಲಿ ನಾಲ್ಕನೆಯ ಇಯತ್ತೆ ಓದಿದವಳು. ಗಂಡ ಧರ್ಮ ಬದಲಿಸಿದರು, ನಾನು ಹಿಂದೆ ಬಂದೆ.

ಮಮದಾಪುರದಲ್ಲಿ ಎತ್ತುಗಳನ್ನು ಮನೆಯೊಳಗೇ ಕಟ್ಟುತ್ತಿದ್ದೆವು. ಅವುಗಳ ಉಸಿರು ಕೇಳುತ್ತ ಮಲಗಿದವಳು ನಾನು. ಇಲ್ಲಿ ಮಿಷನ್ನಿನವರು ಕೊಟ್ಟ ಮನೆಗೆ ನಾಲ್ಕು ಕಿಟಕಿ, ಒಂದೂ ದನವಿಲ್ಲ. ಅಲ್ಲಿ ಅಂಗೈಯಲ್ಲಿ ಲಿಂಗ ಹಿಡಿದು ಸುಮ್ಮನೆ ಕೂತರೆ ಸಾಕಿತ್ತು. ಇಲ್ಲಿ ಎಲ್ಲರೆದುರು ಗಟ್ಟಿಯಾಗಿ ಪ್ರಾರ್ಥಿಸಬೇಕು. ನನಗೆ ದನಿಯೇ ಹೊರಡುತ್ತಿರಲಿಲ್ಲ. 'ಸಭೆ' ಎಂದರೆ ಕೂಡುವ ಜನ, ಕಟ್ಟಡವಲ್ಲ ಎಂದು ತಿಳಿಯುವುದಕ್ಕೇ ಬಹಳ ದಿನ ಹಿಡಿಯಿತು.

ಬಾಜೂ ಮನೆಯ ಮಾರ್ಥವ್ವ ಕೇರಿಯವಳು. ಆಕೆ ತಂದ ರೊಟ್ಟಿಯನ್ನು ಕೈಯಲ್ಲಿ ಹಿಡಿದು ನಾನು ನಿಂತೇ ಇದ್ದೆ. "ತಿನ್ನವ್ವಾ ಗೌಡಶಾನಿ, ನನ್ನ ರೊಟ್ಟಿ ಕಡಿಯೂದಿಲ್ಲ," ಎಂದು ನಕ್ಕಳು. ತಿಂದೆ. ಆ ಊರಿನಲ್ಲಿ ನನ್ನ ಮೊದಲ ಗೆಳತಿ ಆಕೆಯೇ.

ನಿಮ್ಮ ಅಜ್ಜ ಬೇಲಿ ಕೀಳಿಸಿದರು. ಅದು ಇದ್ದಲ್ಲಿಂದಲೇ ಹೊಸ ಸಾಲು, ಮೊದಲು ಸತ್ತವರ ಪಕ್ಕಕ್ಕೆ ಮುಂದಿನವರು, ಯಾರೇ ಇರಲಿ ಎಂದರು. ಸಭೆಯ ಹಿರಿಯರು ಎದುರಿಗೆ ತಲೆಯಾಡಿಸಿದರು. ಅಯ್ಯನವರ ಮನೆಯಲ್ಲಿ ಸಾವಾದಾಗ ನೋಡೋಣ ಎಂದು ಹಿಂದಿನಿಂದ ಆಡಿಕೊಂಡರು. ಆಗ ಆ ಹೊಸ ಸಾಲಿನಲ್ಲಿ ಮಾರ್ಥವ್ವನ ಮಾವ ಒಬ್ಬನೇ ಮಲಗಿದ್ದ.

ಎರಡನೆಯವನು ನನ್ನ ಸಮುವೇಲ. ನಿಮ್ಮ ಅಪ್ಪನಿಗಿಂತ ಮೊದಲು ಹುಟ್ಟಿದವನು, ಆಗಷ್ಟೇ ಹೊಸ್ತಿಲು ದಾಟಲು ಕಲಿತಿದ್ದ. ಜ್ವರ ಬಂದು ಒಂದು ಮುಂಜಾನೆ ಹೋದ. ಅವರು ಹೊರಗೆ ಪ್ರಾರ್ಥನೆಗೆ ಕೂತಿದ್ದಾಗ ನಾನು ಮಗುವಿಗೆ ನೀರು ಹಾಕಿ, ಕಾಲು ಮಡಚಿ, ಗೋಡೆಗೆ ಒರಗಿಸಿ ಕೂಡ್ರಿಸಿದೆ. ನಮ್ಮ ಲಿಂಗವಂತರಲ್ಲಿ ಹೆಣವನ್ನು ಕೂಡ್ರಿಸಿಯೇ ಹೂಳುವುದು. ನನ್ನ ಕೈಗೆ ಗೊತ್ತಿದ್ದದ್ದು ಅದೊಂದೇ.

ಜ್ವರದ ಸುದ್ದಿ ಕೇಳಿ ಗಾಡಿ ಕಟ್ಟಿಕೊಂಡು ಬಂದಿದ್ದ ನನ್ನ ತಮ್ಮ ರುದ್ರಪ್ಪ ಅವರೆದುರು ಕೈಮುಗಿದ. "ಮಾಮಾರ, ಕೂಸನ್ನ ನನಗ ಕೊಡ್ರಿ. ನಮ್ಮ ಹೊಲದಾಗ ಇಡ್ತೀನಿ, ಯಾರಿಗೂ ಹೇಳೂದಿಲ್ಲ."

ನಾನೂ ಬೇಡಿದೆ. ಮದುವೆಯಾದಾಗಿನಿಂದ ಅವರನ್ನು ನಾನು ಬೇಡಿದ್ದು ಅದೊಂದನ್ನೇ.

ಅವರು ಮಗುವಿನ ಎದುರು ನೆಲಕ್ಕೆ ಕೂತರು. "ಇವನ್ನ ಬ್ಯಾರೆ ಕಡೆ ಇಟ್ಟರ, ನಾಳೆ ಮಾರ್ಥವ್ವನ ಮುಂದ ಯಾವ ಮುಖಾ ಇಟ್ಕೊಂಡು ನಿಂದರ್ಲಿ?"

ಮಾರ್ಥವ್ವ ಬಾಗಿಲಲ್ಲೇ ಇದ್ದಳು. "ನನ್ನ ಸಲುವಾಗಿ ಬ್ಯಾಡ್ರಿ ಅಯ್ಯಾರ. ಹಡದಾಕಿ ಮಾತು ಕೇಳ್ರಿ," ಎಂದಳು.

ಅವರು ಕೇಳಲಿಲ್ಲ.

ಅಷ್ಟರಲ್ಲಿ ಮಗು ಸೆಟೆದಿತ್ತು. ಮಲಗಿಸಿ ಹೂಳಲೆಂದು ನೋಡಿದರೆ, ಮಡಚಿದ ಕಾಲು ಚಾಚಲು ಬರಲಿಲ್ಲ. ಬಿಸಿನೀರಿನ ಅರಿವೆ ಇಟ್ಟು, ಮೊಣಕಾಲು ತಿಕ್ಕುತ್ತ, ಅಳುತ್ತ, ಅವರೇ ಒಂದೊಂದಾಗಿ ನೆಟ್ಟಗೆ ಮಾಡಿದರು. ನಾನು ಗೋಡೆಗೆ ಮುಖ ಮಾಡಿ ನಿಂತಿದ್ದೆ. ರುದ್ರಪ್ಪ ಬರಿಗಾಡಿ ಹೊಡೆದುಕೊಂಡು ಹೋದ.

ಆಮೇಲೆ ಹಿರಿಯರು ಹಿಂದಿನಿಂದ ಆಡಿಕೊಳ್ಳುವುದನ್ನು ಬಿಟ್ಟರು. ಅವರ ಮನೆಯವರೂ ಅದೇ ಸಾಲಿಗೆ ಬಂದರು. ಗೋಕಾಕ, ಮೂಡಲಗಿ ಕಡೆಯ ಸಭೆಗಳಲ್ಲಿಯೂ ಬೇಲಿಗಳು ಹೋದವು. ನಿಮ್ಮ ಅಜ್ಜ ದೊಡ್ಡ ಕೆಲಸ ಮಾಡಿದರೆಂದು ಜನ ಹೇಳುತ್ತಾರೆ. ಹೌದು, ದೊಡ್ಡದೇ. ನನಗೆ ಮಾತ್ರ ಆ ಮೊಣಕಾಲುಗಳು ಕಾಣುತ್ತವೆ.

ಕಳೆದ ವರ್ಷ ಅವರೂ ಹೋದರು. ಕೊನೆಕೊನೆಗೆ, ಸಮುವೇಲನ ಬಾಜೂ ಜಾಗ ಐತೇನು ಎಂದು ಒಮ್ಮೆ ಕೇಳಿ, ತಾವೇ ಇಲ್ಲವೆಂದು ತಲೆ ಅಲ್ಲಾಡಿಸಿದರು. ನಡುವೆ ಎಷ್ಟೋ ಜನ ಬಂದು ಮಲಗಿದ್ದಾರೆ. ಮಗ ಆ ತುದಿಗೆ, ಅಪ್ಪ ಈ ತುದಿಗೆ.

ರುದ್ರಪ್ಪ ಹೊಲದ ಮೂಲೆಯಲ್ಲಿ ನನಗೆ ಜಾಗ ಬಿಟ್ಟಿದ್ದಾನೆ. "ಅಕ್ಕಾ, ನಿನ್ನ ಕೂಡ್ರಿಸೇ ಇಡ್ತೀವಿ," ಅನ್ನುತ್ತಾನೆ. ಅಲ್ಲಿ ನನ್ನ ಅಪ್ಪ, ಅವ್ವ. ಇಲ್ಲಿದ್ದರೆ ಯಾರ ಪಕ್ಕ ಮಲಗುತ್ತೇನೋ ಗೊತ್ತಿಲ್ಲ, ನನ್ನ ಮಗನ ಪಕ್ಕವಂತೂ ಅಲ್ಲ. ಅಲ್ಲಿಗೆ ಹೋದರೆ ನಿಮ್ಮ ಅಜ್ಜ ಮಾಡಿದ್ದು ಸುಳ್ಳಾಗುತ್ತದೆ. ತಮ್ಮನಿಗೆ ನಾನಿನ್ನೂ ಹೂಂ ಅಂದಿಲ್ಲ, ಉಹೂಂ ಅಂದಿಲ್ಲ.

ಈ ಹಾಳೆಗಳನ್ನು ಸಭೆಯವರಿಗೆ ತೋರಿಸಬೇಡಿ, ಒಲೆಗೂ ಹಾಕಬೇಡಿ. ಗೆದ್ದಲು ಹತ್ತದ ಕಡೆ ಇಡಿ, ಮಕ್ಕಳೇ. ಆ ಸಾಲಿನಲ್ಲಿ ಯಾರ ತಲೆಯ ಬಳಿಯೂ ಕಲ್ಲಿಲ್ಲ. ಸಮುವೇಲ ಎಂಬ ಹೆಸರು ಬರೆದಿರುವುದು ಇಲ್ಲಿ ಮಾತ್ರ.