ಎಣ್ಣೆ ಡಬ್ಬಿಯ ಕೆಳಗಿನ ಪತ್ರ

ಮಷಿನ್ ಅಕ್ಕನ ಅಂಗಡಿಗೂ ನನ್ನ ಟೈಲರಿಂಗ್ ಅಂಗಡಿಗೂ ನಡುವೆ ಇರುವುದು ಒಂದೇ ಗೋಡೆ. ಹದಿನಾರು ವರ್ಷದಿಂದ ಗೋಡೆಯಾಚೆ ಅವಳು ಹೊಲಿಗೆ ಮಷಿನ್ ರಿಪೇರಿ ಮಾಡುತ್ತಾಳೆ, ಈಚೆ ನಾನು ಬಟ್ಟೆ ಹೊಲಿಯುತ್ತೇನೆ. ನನಗೆ ನಲವತ್ಮೂರು ತುಂಬಿದರೂ ಅವಳಿಗೆ ನಾನಿನ್ನೂ ‘ಏ ಹುಡುಗಿ’. ನನ್ನ ಬಾಯಿ ಜೋರು ಅಂತ ಬೀದಿಗೆಲ್ಲ ಗೊತ್ತು. ಅಕ್ಕನ ಬಾಯಿಂದ ಮಾತು ಹೊರಡುವುದೇ ಅಪರೂಪ. ಅವಳ ಕಥೆಯನ್ನು ಅವಳಿಗೇ ಬಿಟ್ಟರೆ ಎರಡು ಮಾತಲ್ಲಿ ಮುಗಿಸಿ ಸ್ಕ್ರೂಡ್ರೈವರ್ ಎತ್ತಿಕೊಳ್ಳುತ್ತಾಳೆ, ಅದಕ್ಕೇ ನಾನು ಹೇಳುತ್ತಿದ್ದೇನೆ.

ಅಂಗಡಿ ಅವಳ ಅಪ್ಪ ಶುರುಮಾಡಿದ್ದು, ಬೋರ್ಡಿನ ಮೇಲಿರುವುದೂ ಅಪ್ಪನ ಹೆಸರೇ. ಅವರಿಗೆ ಲಕ್ವ ಹೊಡೆದು ಮಲಗಿದಾಗ ಅಕ್ಕನಿಗೆ ಇಪ್ಪತ್ನಾಲ್ಕು, ತಮ್ಮನಿಗೆ ಹತ್ತು. ತಾಯಿ ಅದಕ್ಕೂ ಮೊದಲೇ ತೀರಿಹೋಗಿದ್ದರು. ಅಪ್ಪ ಮಲಗಿದಲ್ಲೇ ಬಾಯಲ್ಲಿ ಹೇಳುತ್ತಿದ್ದರು, ಇವಳು ಕೈಯಲ್ಲಿ ಮಾಡುತ್ತಿದ್ದಳು. ಹೆಂಗಸು ಮಷಿನ್ ಬಿಚ್ಚುತ್ತಾಳಂತೆ ಎಂದು ಕಿಸಕ್ಕನೆ ನಕ್ಕವರೇ ವರ್ಷ ಕಳೆಯುವುದರೊಳಗೆ ಮಷಿನ್ ಹೊತ್ತುಕೊಂಡು ಬಂದು ಬಾಗಿಲಲ್ಲಿ ಕಾದರು. ಮದುವೆಯ ಮಾತು ಬಂದಾಗಲೆಲ್ಲ ‘ತಮ್ಮ ಒಂದು ದಡ ಸೇರಲಿ’ ಅಂದಳು. ತಮ್ಮ ದಡ ಸೇರುವಷ್ಟರಲ್ಲಿ ಅಪ್ಪ ತೀರಿಕೊಂಡಿದ್ದರು, ಕೇಳುವವರು ಕೇಳುವುದನ್ನು ಬಿಟ್ಟಿದ್ದರು. ಈಗ ಅವಳಿಗೆ ಐವತ್ತೆರಡು.

ಅವಳದೊಂದು ಪದ್ಧತಿ ಇದೆ. ರಿಪೇರಿ ಮುಗಿದ ಮೇಲೆ ಬಿಳಿ ಬಟ್ಟೆಯ ಚೂರಿನ ಮೇಲೆ ಎರಡು ಗೆರೆ ಹೊಲಿಯುತ್ತಾಳೆ. ಒಂದು ನಿಧಾನಕ್ಕೆ, ಇನ್ನೊಂದು ಪೆಡಲ್ ಪೂರ್ತಿ ಒತ್ತಿ. ಎರಡರಲ್ಲೂ ಒಂದು ಹೊಲಿಗೆ ತಪ್ಪಿರಬಾರದು. ಆಮೇಲೆ ಅದರ ಮೇಲೆ ತಾರೀಕು ಬರೆದು ಮಷಿನ್ನಿನ ತೋಳಿಗೆ ಕಟ್ಟಿ ಕಳಿಸುತ್ತಾಳೆ. ನನ್ನ ಮಷಿನ್ನಿನ ಮೇಲೆ ಅಂಥ ಒಂಬತ್ತು ಚೂರುಗಳಿವೆ. ಬಿಚ್ಚಿ ಎಸೆಯಲು ನನಗೆ ಮನಸ್ಸು ಬಂದಿಲ್ಲ.

ತಮ್ಮನಿಗೂ ಅವಳೇ ಕೆಲಸ ಕಲಿಸಿದಳು, ಅಂದರೆ ಅವನು ಕಲಿತಷ್ಟು. ಹೊಲಿಗೆ ತಪ್ಪುತ್ತಿದೆ ಎಂದರೆ ಯಾಕೆ ಅಂತ ನೋಡುವ ತಾಳ್ಮೆ ಆ ಮಹರಾಯನಿಗೆ ಇರಲಿಲ್ಲ. ಕೆಳಗಿನ ದಾರ ಕೂರುವ ಬಾಬಿನ್ ಕೇಸಿನ ತಿರುಪು ಬಿಗಿ ಮಾಡಿ ‘ಆಯ್ತು, ತಗೊಂಡು ಹೋಗಿ’ ಅನ್ನುತ್ತಿದ್ದ. ನಾಲ್ಕು ವರ್ಷದ ಹಿಂದೆ ಒಂದು ದಿನ, ಬೋರ್ಡಿನ ಮೇಲಿರೋದು ಅಪ್ಪನ ಹೆಸರು, ಗಂಡುಮಗ ನಾನು, ಅಂಗಡಿ ನನ್ನದು ಅಂದ. ‘ಅಪ್ಪನ ಕೆಲಸ ಮೊದಲು ಕಲಿ, ಆಮೇಲೆ ಹೆಸರು ಕೇಳು’ ಅಂದಳು ಅಕ್ಕ. ಅವನು ಕಾಲು ಝಾಡಿಸಿ ಹೊರಟವನು ಹಿಂದಿನ ಓಣಿಯಲ್ಲಿ ಬೇರೆ ಅಂಗಡಿ ಇಟ್ಟ. ಆಮೇಲೆ ಇತ್ತ ತಲೆ ಹಾಕಲಿಲ್ಲ.

ಈ ವರ್ಷ ಅಕ್ಕನ ಫೋನು ಸುಮ್ಮನಾಗತೊಡಗಿತು. ದಿನಕ್ಕೆ ಏಳೆಂಟು ಸಲ ಬಡಿದುಕೊಳ್ಳುತ್ತಿದ್ದದ್ದು ವಾರಕ್ಕೊಮ್ಮೆ ಬಡಿದರೆ ಹೆಚ್ಚು. ಕೆಲಸವಿಲ್ಲದೆ ಅವಳು ತನ್ನ ಸ್ಕ್ರೂಡ್ರೈವರುಗಳನ್ನೇ ಒರೆಸಿ ಒರೆಸಿ ಇಡುತ್ತಿದ್ದಳು. ಇನ್ನೆರಡು ತಿಂಗಳು ಹೀಗೇ ಆದರೆ ಬಾಗಿಲು ಹಾಕುವುದೇ ಅಂದಳು ಒಮ್ಮೆ, ಬೇರೆ ಯಾರದೋ ವಿಷಯ ಹೇಳುವವಳ ಹಾಗೆ. ಅಷ್ಟರಲ್ಲಿ ತಮ್ಮ ಬರತೊಡಗಿದ. ಕೈಯಲ್ಲಿ ಹಣ್ಣಿನ ಚೀಲ, ಬಾಯಲ್ಲಿ ಬೆಣ್ಣೆ. ‘ಹೇಗಿದ್ದೀಯಕ್ಕಾ, ಸೊರಗಿ ಹೋಗಿದ್ದೀಯಲ್ಲ’ ಅನ್ನುವುದು, ಸ್ಟೂಲಿನ ಮೇಲೆ ಹತ್ತು ನಿಮಿಷ ಕೂರುವುದು, ಏಳುವಾಗ ‘ಅಂದ ಹಾಗೆ, ಅಂಗಡಿಗೆ ಪತ್ರ ಗಿತ್ರ ಏನಾದ್ರೂ ಬಂತಾ?’ ಅನ್ನುವುದು. ಒಂದೇ ತಿಂಗಳಲ್ಲಿ ಮೂರು ಸಲ ಬಂದ. ಅಕ್ಕನ ಮುಖ ಅರಳಿದ್ದನ್ನು ನಾನು ಈ ಕಣ್ಣಿಂದ ನೋಡಿದ್ದೇನೆ. ‘ಏ ಹುಡುಗಿ, ಎಷ್ಟಾದ್ರೂ ನಾನು ಎತ್ತಿ ಆಡಿಸಿದ ಕೂಸು ಕಣೇ’ ಎಂದು ನನಗೂ ಒಂದು ಹಣ್ಣು ಕೊಟ್ಟಳು. ನಾನೂ ತಿಂದೆ. 

ಗುಟ್ಟು ಬಯಲು ಮಾಡಿದವಳು ಬ್ಯಾಗು ಹೊಲಿಯುವ ಹೆಂಗಸು, ಅಕ್ಕನ ಹಳೆಯ ಗಿರಾಕಿ. ಒಂದು ಮಧ್ಯಾಹ್ನ ಈ ದಾರಿಯಲ್ಲಿ ಹೋಗುತ್ತಿದ್ದವಳು ಬಾಗಿಲು ತೆರೆದಿರುವುದನ್ನು ಕಂಡು ಅಲ್ಲೇ ನಿಂತುಬಿಟ್ಟಳು.

‘ನೀವು ಅಂಗಡಿ ಮುಚ್ಚಿಲ್ವಾ? ನಿಮ್ಮ ನಂಬರು ಕಳೆದುಹೋಗಿತ್ತು, ಇದರಲ್ಲಿ ಹುಡುಕಿ ಫೋನ್ ಮಾಡಿದ್ರೆ, ಅಕ್ಕನಿಗೆ ಕೈ ನಡುಕ ಬಂದಿದೆ, ಕೆಲಸ ಬಿಟ್ಟಿದ್ದಾಳೆ, ಈಗ ಎಲ್ಲ ನಾನೇ ನೋಡ್ಕೊಳ್ತೀನಿ, ಮನೆಗೇ ಬಂದು ಮಷಿನ್ ತಗೊಂಡು ಹೋಗ್ತೀನಿ ಅಂದ್ರಲ್ಲ.’

ತನ್ನ ಫೋನು ತೆಗೆದು ತೋರಿಸಿದಳು. ಊರಿನ ರಿಪೇರಿಯವರನ್ನು, ನಲ್ಲಿಯವರನ್ನು, ಬಣ್ಣದವರನ್ನು ಹುಡುಕುವ ಪಟ್ಟಿ ಅದು. ಯಾರು ಬೇಕಾದರೂ ಪುಕ್ಕಟೆಯಾಗಿ ಹೆಸರು ಹಾಕಬಹುದು. ಅಲ್ಲಿ ಅಪ್ಪನ ಹೆಸರಿನ ಅಂಗಡಿ ಇತ್ತು, ಅಕ್ಕನ ಬೋರ್ಡಿನ ಫೋಟೋ ಇತ್ತು, ಅಕ್ಕನ ವಿಳಾಸ ಇತ್ತು. ಫೋನ್ ನಂಬರು ಮಾತ್ರ ತಮ್ಮನದು.

ನನ್ನ ಮೈಯೆಲ್ಲ ಉರಿದುಹೋಯಿತು. ಬಾಯಿಗೆ ಬಂದದ್ದೆಲ್ಲ ಅಂದೆ, ಅವನ ಹುಟ್ಟಡಗಲಿ ಎನ್ನುವತನಕ ಹೋದೆ. ಅಕ್ಕ ತನ್ನ ಎರಡೂ ಕೈಗಳನ್ನು ಮುಂದಕ್ಕೆ ಚಾಚಿ ನೋಡಿಕೊಂಡಳು. ಬೆರಳು ಒಂದಿಷ್ಟೂ ಅಲುಗಲಿಲ್ಲ. ಆಮೇಲೆ ಒಳಗೆ ಹೋಗಿ, ಉಳಿದಿದ್ದ ಹಣ್ಣುಗಳನ್ನು ಚೀಲದ ಸಮೇತ ಕಸದ ಬುಟ್ಟಿಗೆ ಹಾಕಿ ಬಂದಳು.

‘ಏ ಹುಡುಗಿ, ಅವನು ಪತ್ರ ಪತ್ರ ಅಂತಿದ್ದನಲ್ಲ, ಅದೇನು ನೋಡು’ ಅಂದಳು.

ನಾನು ನನ್ನ ಫೋನಿನಲ್ಲಿ ಆ ಪಟ್ಟಿಯನ್ನು ತೆಗೆದು ಸಣ್ಣಕ್ಷರದ್ದನ್ನೆಲ್ಲ ಓದಿದೆ. ಅಂಗಡಿಯ ಹೆಸರಿನ ಕೆಳಗೆ ‘ಇನ್ನೂ ಖಚಿತಪಡಿಸಿಲ್ಲ’ ಅಂತ ಇತ್ತು. ಅಂಗಡಿ ನಿಜವಾಗಿ ಅಲ್ಲಿದೆಯೋ ಇಲ್ಲವೋ ಎಂದು ತಿಳಿಯಲು ಅವರು ಆ ವಿಳಾಸಕ್ಕೇ ಅಂಚೆಯಲ್ಲಿ ಒಂದು ಪತ್ರ ಕಳಿಸುತ್ತಾರೆ. ಅದರಲ್ಲಿ ಆರು ಅಂಕಿ ಇರುತ್ತದೆ. ಆ ಅಂಕಿಯನ್ನು ಯಾರು ಹಾಕುತ್ತಾರೋ ಪಟ್ಟಿಯಲ್ಲಿ ಆ ಅಂಗಡಿ ಅವರದು. ಅರವತ್ತು ದಿನದ ಗಡುವು, ಮುಗಿಯಲು ಇನ್ನು ನಾಲ್ಕು ದಿನ. ಹಿಂದಿನ ಓಣಿಯ ವಿಳಾಸ ಕೊಟ್ಟರೆ ಹಳೆ ಗಿರಾಕಿ ನಂಬುವುದಿಲ್ಲ ಅಂತ ಅಕ್ಕನ ವಿಳಾಸ ಕೊಟ್ಟಿದ್ದ ಜಾಣ, ಪತ್ರವೂ ಅಕ್ಕನ ಬಾಗಿಲಿಗೇ ಬರುತ್ತದೆ ಎಂದು ಆಮೇಲೆ ಹೊಳೆದಿರಬೇಕು.

‘ಕರೆಂಟ್ ಬಿಲ್ ಒಂದು ಬಿಟ್ಟು ಬಂದ ಕಾಗದವನ್ನೆಲ್ಲ ಏನ್ಮಾಡ್ತೀಯಕ್ಕಾ?’ ಅಂದೆ, ಉತ್ತರ ಗೊತ್ತಿದ್ದರೂ.

ಇಬ್ಬರೂ ಒಟ್ಟಿಗೆ ಎಣ್ಣೆ ಡಬ್ಬಿಯ ಕಡೆ ನೋಡಿದೆವು. ಟೇಬಲ್ಲಿಗೆ ಎಣ್ಣೆ ಇಳಿಯದಿರಲಿ ಎಂದು ಅವಳು ಬಂದ ಕಾಗದಗಳನ್ನು ಓದದೆಯೇ ಅದರ ಕೆಳಗೆ ಹಾಸುತ್ತಾಳೆ. ಮೂರನೆಯದೇ ಆ ಪತ್ರ. ಲಕೋಟೆ ಕೂಡ ಒಡೆದಿರಲಿಲ್ಲ. ಒಡೆದು ನೋಡಿದರೆ ಎಣ್ಣೆ ಕುಡಿದು ಕಾಗದ ಕಪ್ಪಗಾಗಿತ್ತು, ಅಂಕಿ ಕಾಣಲಿಲ್ಲ. ಅಕ್ಕ ಅದನ್ನು ಮಷಿನ್ನಿನ ಪುಟ್ಟ ದೀಪಕ್ಕೆ ಅಡ್ಡ ಹಿಡಿದಳು. ಆರೂ ಅಂಕಿಗಳು ಒಂದೊಂದಾಗಿ ಕಂಡವು. ಅವಳು ಓದಿದಳು, ನಾನು ಒತ್ತಿದೆ. ‘ಈ ಅಂಗಡಿ ಈಗ ನಿಮ್ಮದು’ ಅಂತ ಬಂತು. ಅಕ್ಕ ನಕ್ಕಳು. ಅಂಥ ನಗೆಯನ್ನು ನಾನು ಅವಳ ಮುಖದಲ್ಲಿ ಹಿಂದೆ ಕಂಡಿರಲಿಲ್ಲ, ನನಗೇ ಸ್ವಲ್ಪ ಹೆದರಿಕೆಯಾಯಿತು.

ಮೊದಲು ಅವನ ನಂಬರು ಅಳಿಸಿ ಅವಳದನ್ನು ಹಾಕಿದೆವು. ತೆರೆಯುವ ಹೊತ್ತು, ಮುಚ್ಚುವ ಹೊತ್ತು, ಯಾವ ಯಾವ ಮಷಿನ್, ಮನೆಗೇ ಬಂದು ನೋಡುವುದುಂಟೋ, ಎಲ್ಲ ತುಂಬಿದೆವು. ಕೊನೆಗೊಂದು ಪ್ರಶ್ನೆ ಇತ್ತು: ‘ಇದು ಕುಟುಂಬದ ವ್ಯಾಪಾರವೇ?’ ಕೆಳಗೆ ಹೌದು, ಇಲ್ಲ. ಅಕ್ಕ ಅದನ್ನು ಎರಡು ಸಲ ಓದಿಸಿದಳು.

‘ಅದು ಹಾಗೇ ಇರಲಿ’ ಅಂದಳು. ಖಾಲಿ ಬಿಟ್ಟೆ.

ಫೋಟೋ ಹಾಕಬೇಕಲ್ಲ, ಮುಖ ತೊಳೆದು ಬಾ ಅಂದರೆ ಕೇಳಲಿಲ್ಲ. ಇದ್ದುದರಲ್ಲೇ ಅತಿ ಸಣ್ಣ ಸೂಜಿ ತೆಗೆದುಕೊಂಡು, ಕೈ ಒಂದನ್ನೇ ವಿಡಿಯೋ ಮಾಡು ಅಂದಳು. ಒಂದೇ ಏಟಿಗೆ ದಾರ ಪೋಣಿಸಿದಳು. ಇನ್ನೊಂದು ಸೂಜಿ, ಇನ್ನೊಂದು. ಐದು ಸೂಜಿ, ಒಂದೂ ತಪ್ಪಲಿಲ್ಲ. ಅದರ ಕೆಳಗೆ ಏನು ಬರೀಲಿ ಎಂದು ಕೇಳಿದೆ. ‘ಇವತ್ತಿನ ತಾರೀಕು’ ಅಂದಳು.

ಆದರೆ ಪುಟದ ಕೆಳಗೆ ಅವನ ಪಾಪವೆಲ್ಲ ಇವಳ ಹೆಸರಲ್ಲಿ ಬಿದ್ದಿತ್ತು. ವಾರಕ್ಕೇ ಸೂಜಿ ಮುರಿಯಿತು, ದಾರ ಕೆಳಗೆ ಗಂಟು ಗಂಟಾಗುತ್ತದೆ, ಹಳೆ ಹೆಸರು ನಂಬಿ ಕೆಟ್ಟೆ. ಹೀಗೆ ಹನ್ನೊಂದು ದೂರು. ಅಪ್ಪನ ಹೆಸರಿನ ಕೆಳಗೆ ಅದನ್ನೆಲ್ಲ ಒಂದೂ ಬಿಡದೆ ಓದಿದಳು ಅಕ್ಕ. ಅಳುತ್ತಾಳೆ ಅಂದುಕೊಂಡೆ. ಅವಳು ಸ್ಟೂಲು ಎಳೆದುಕೊಂಡು ಕೂತು, ‘ಬರಿ’ ಅಂದಳು. ಹನ್ನೊಂದಕ್ಕೂ ಒಂದೇ ಉತ್ತರ: ‘ನನ್ನ ಕೈಯ ಕೆಲಸವಾದರೆ ಮಷಿನ್ನಿಗೆ ಎರಡು ಗೆರೆಯ ಬಿಳಿ ಬಟ್ಟೆ ಕಟ್ಟಿರುತ್ತದೆ. ನಿಮ್ಮದರಲ್ಲಿ ಇದೆಯಾ ನೋಡಿ. ಇಲ್ಲದಿದ್ದರೆ ಅದನ್ನು ಮಾಡಿದವನು ಹಿಂದಿನ ಓಣಿಯ ನನ್ನ ತಮ್ಮ. ಮಷಿನ್ ತನ್ನಿ, ನಾನು ಪುಕ್ಕಟೆಯಾಗಿ ಸರಿ ಮಾಡಿಕೊಡುತ್ತೇನೆ.’

ತಮ್ಮ ಎನ್ನುವುದನ್ನು ಬರೆಯಲೇಬೇಕಾ ಎಂದು ಕೇಳಿದೆ. ಬಾಯಿ ಜೋರಿನವಳು ನಾನೇ ಹಿಂದೆ ಮುಂದೆ ನೋಡಿದೆ. ‘ಅದನ್ನೇ ಮೊದಲು ಬರಿ’ ಅಂದಳು.

ಹದಿನೈದು ದಿನದಲ್ಲಿ ಒಂಬತ್ತು ಮಷಿನ್ ಬಂದವು. ಎಲ್ಲದರಲ್ಲೂ ಅದೇ ಬಾಬಿನ್ ಕೇಸು, ಅದೇ ಬಿಗಿ ಮಾಡಿದ ತಿರುಪು. ಅಕ್ಕ ಕೆಟ್ಟ ಭಾಗಗಳನ್ನು ಬಿಚ್ಚಿ ತಗಡಿನ ಡಬ್ಬಿಗೆ ಹಾಕುತ್ತಾ ಹೋದಳು. ಬಿಚ್ಚುವಾಗ ಗಿರಾಕಿಯನ್ನು ಪಕ್ಕದಲ್ಲೇ ಕೂರಿಸಿಕೊಂಡು ತೋರಿಸುತ್ತಿದ್ದಳು. ಅವರು ಮನೆಗೆ ಹೋಗಿ ಪಟ್ಟಿಯಲ್ಲಿ ಬರೆಯುತ್ತಿದ್ದರು, ನಾಲ್ಕು ಜನಕ್ಕೆ ಹೇಳುತ್ತಿದ್ದರು. ಅವಳ ಫೋನು ಮತ್ತೆ ಬಡಿದುಕೊಳ್ಳತೊಡಗಿತು. ಹಿಂದಿನ ಓಣಿಯಲ್ಲಿ ಅವನು ಬಾಗಿಲಲ್ಲಿ ಕೂತು ನೊಣ ಹೊಡೆಯುತ್ತಿದ್ದಾನೆ ಅಂತ ಬ್ಯಾಗಿನವಳು ಸುದ್ದಿ ತಂದಳು. ನಾನು ಅವತ್ತು ಖುಷಿಯಾಗಿ ಎರಡು ಕಪ್ ಟೀ ಕುಡಿದೆ.

ಕೊನೆಗೆ ಅವನೇ ಬಂದ. ಈ ಸಲ ಹಣ್ಣು ಇರಲಿಲ್ಲ. ಅಂಗಡಿಯಲ್ಲಿ ಗಿರಾಕಿಗಳಿಬ್ಬರು, ಅಳತೆ ಟೇಪು ಕೊರಳಿಗೆ ಹಾಕಿಕೊಂಡ ನಾನು. ಇಂಥದ್ದನ್ನು ಗೋಡೆಯಾಚೆಯಿಂದ ಕೇಳಿದರೆ ಸಾಕೇ, ನೋಡಲೇಬೇಕು ಅಂತ ಬಂದಿದ್ದೆ.

‘ನನ್ನ ಮರ್ಯಾದೆ ಬೀದಿಗೆ ತಂದ್ಯಲ್ಲಕ್ಕಾ. ಅದನ್ನ ಅಳಿಸು. ಯಾರೂ ಬರ್ತಿಲ್ಲ, ಮುಂದಿನ ತಿಂಗಳು ಅಂಗಡಿ ಮುಚ್ಚಬೇಕು ನಾನು.’

ಅಕ್ಕ ತಗಡಿನ ಡಬ್ಬಿಯನ್ನು ಅವನ ಮುಂದೆ ತಳ್ಳಿದಳು. ‘ನಿನ್ನ ಕೆಲಸ. ತಗೊಂಡು ಹೋಗು.’

ಅವನ ದನಿ ಇಳಿಯಿತು. ‘ತಪ್ಪಾಯ್ತು ಅಂತೀನಲ್ಲ. ನೀನೇ ಸಾಕಿದ್ದು ನನ್ನನ್ನ. ಅಪ್ಪನ ಹೆಸರಿನ ಅಂಗಡಿ ಇದು, ನಮ್ಮ ಕುಟುಂಬದ್ದು. ನನ್ನ ಕೈ ಬಿಡ್ತೀಯಾ?’

ನಿಜ ಹೇಳಬೇಕೆಂದರೆ ಆ ಗಳಿಗೆಯಲ್ಲಿ ನನ್ನ ಮನಸ್ಸೂ ಸ್ವಲ್ಪ ಕರಗಿತು. ಅಕ್ಕ ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ಹತ್ತು ವರ್ಷದ ಕೂಸನ್ನು ಹುಡುಕುತ್ತಿದ್ದಳೋ ಏನೋ. ಮಷಿನ್ನಿನ ಬೆಲ್ಟು ತೊಡಿಸಿ ಮುಗಿಸಿ, ಕೈ ಒರೆಸಿಕೊಳ್ಳದೆ ನನ್ನ ಕಡೆ ತಿರುಗಿದಳು.

‘ಏ ಹುಡುಗಿ, ಅವತ್ತು ಒಂದು ಪ್ರಶ್ನೆ ಖಾಲಿ ಬಿಟ್ಟಿದ್ವಲ್ಲ. ತೆಗಿ.’

ತೆಗೆದು ಫೋನನ್ನು ಅವಳ ಮುಂದೆ ಹಿಡಿದೆ. ‘ಇದು ಕುಟುಂಬದ ವ್ಯಾಪಾರವೇ?’ ಅವನಿಗೂ ಕಾಣುವ ಹಾಗೆ ಅವಳು ಫೋನನ್ನು ಸ್ವಲ್ಪ ತಿರುಗಿಸಿದಳು. ಎಣ್ಣೆ ಹತ್ತಿದ ಹೆಬ್ಬೆರಳನ್ನು ‘ಇಲ್ಲ’ ಎನ್ನುವುದರ ಮೇಲೆ ಇಟ್ಟು ಒತ್ತಿದಳು. ಕೈ ನಡುಗಲಿಲ್ಲ. ಆಮೇಲೆ ಬಿಳಿ ಬಟ್ಟೆಯ ಚೂರು ತೆಗೆದುಕೊಂಡು, ಕಾಯುತ್ತಿದ್ದ ಗಿರಾಕಿಯ ಮಷಿನ್ ಮೇಲೆ ಮೊದಲನೆಯ ಗೆರೆ ಹೊಲಿಯಲು ಕೂತಳು.