ಹಳದಿ ಬಳೆಯ ಮನೆ

ಮದ್ರಾಸಿನ ತಾಂಬರಂ ಸ್ಟೇಷನ್ನಿನಿಂದ ಪೂರ್ವಕ್ಕೆ ಹತ್ತು ನಿಮಿಷ ನಡೆದರೆ ಒಂದು ವಠಾರ. ನಾಲ್ಕು ಮನೆ, ಒಂದು ಕೈಪಂಪು. ನಾಲ್ಕು ಮನೆಗೂ ನಾಲ್ಕು ಬಣ್ಣದ ಪ್ಲಾಸ್ಟಿಕ್ ಕೊಡ. ಪಂಪಿನ ಬಾಯಿಗೆ ಯಾವ ಬಣ್ಣದ ಕೊಡ ಇದೆಯೋ ಆ ಹೊತ್ತಿಗೆ ಪಂಪು ಅವರದು. ಅವರು ಕೊಡ ಎತ್ತಿದ ಮೇಲೆಯೇ ಇನ್ನೊಬ್ಬರು ಇಡಬೇಕು. ತುಂಬಿದ ಕೊಡಕ್ಕೆ ತಟ್ಟೆ ಮುಚ್ಚಬೇಕು. ತಟ್ಟೆ ಮುಚ್ಚಿದ ಕೊಡವನ್ನು ಖಾಲಿ ಅಂದುಕೊಂಡು ಯಾರೂ ಬಗ್ಗಿಸಬಾರದು. ಈ ಕಾನೂನು ಮಾಡಿದವಳು ಮೊದಲನೇ ಮನೆಯ ಬೋರಮ್ಮ. ಮಳವಳ್ಳಿ ಕಡೆಯವಳು, ಗಂಡ ರೈಲ್ವೆಯಲ್ಲಿ ಗ್ಯಾಂಗ್‌ಮನ್. ಅವಳ ಬಾಯಿಗೆ ವಠಾರದ ಮಾಲೀಕನೇ ಹೆದರುತ್ತಿದ್ದ.

ತಿರುಮಲೇಶನದು ಕೊನೆಯ ಮನೆ, ಹಳದಿ ಕೊಡ. ಊರು ಮದ್ದೂರಿನ ಹತ್ತಿರ. ಎಸ್ಸೆಸ್ಸೆಲ್ಸಿಗೆ ಎರಡು ಸಲ ಕೂತ. ಎರಡು ಸಲವೂ ಇಂಗ್ಲಿಷು ಕೈಕೊಟ್ಟಿತು. ಮೂರನೇ ಸಲ ಕೂರುವ ಬದಲು ರೈಲು ಹತ್ತಿದ. ಗಿಂಡಿಯಲ್ಲಿ ಒಂದು ಕಂಪ್ಯೂಟರ್ ಕಂಪನಿ. ವಿಮಾ ಪಾಲಿಸಿಗಳ ಕೆಲಸವೆಲ್ಲ ಅಲ್ಲಿ ಆಗುತ್ತಿತ್ತು. ಅಟೆಂಡರ್ ಆಗಿ ಸೇರಿದ. ಖಾಕಿ ಪ್ಯಾಂಟು, ಖಾಕಿ ಶರ್ಟು. ಹನ್ನೆರಡು ವರ್ಷ, ಕಂಪ್ಯೂಟರಿನ ಲೆಕ್ಕ ತುಂಬಿಡುವ ಟೇಪು ಹೊತ್ತ, ಕಪಾಟಿನಿಂದ ಯಂತ್ರಕ್ಕೆ, ಯಂತ್ರದಿಂದ ಕಪಾಟಿಗೆ. ಹೊರುತ್ತಾ ಹೊರುತ್ತಾ ಪರದೆ ನೋಡಿದ. ಯಾವ ಸಾಲು ಬಂದರೆ ಆಪರೇಟರ್ ಏನು ಒತ್ತುತ್ತಾನೆ ಎಂಬುದು ಬಾಯಿಪಾಠವಾಯಿತು. ಓದು ಬಾರದವರು ಬಸ್ಸಿನ ಬೋರ್ಡು ಗುರುತು ಹಿಡಿಯುವುದಿಲ್ಲವೇ, ಹಾಗೆ.

ತೊಂಬತ್ತೇಳರಲ್ಲಿ ಕೆಲಸ ಬಲ್ಲ ಆಪರೇಟರುಗಳು ಒಬ್ಬೊಬ್ಬರಾಗಿ ಬೇರೆ ಕಂಪನಿಗಳಿಗೆ ಹಾರಿದರು. ಕಂಪ್ಯೂಟರ್ ರೂಮಿನ ಮ್ಯಾನೇಜರ್ ಗಿರಿಧರ್. ಮೈಸೂರಿನವನು, ತಿರುಮಲೇಶನಿಗಿಂತ ಎಂಟು ವರ್ಷ ಚಿಕ್ಕವನು. ಬೇರೆ ದಾರಿ ಕಾಣದೆ ಕುರ್ಚಿ ತೋರಿಸಿ, ಕೂತ್ಕೊಳ್ಳಿ, ಇದು ತಾತ್ಕಾಲಿಕ ಅಂದ. ತಿರುಮಲೇಶ ಮನೆಗೆ ಬಂದು ತಾತ್ಕಾಲಿಕ ಎಂಬ ಒಂದು ಮಾತು ಬಿಟ್ಟು ಮಿಕ್ಕದ್ದೆಲ್ಲ ಹೇಳಿದ. ಹೆಂಡತಿ ಜಲಜಾ ಅವತ್ತೇ ಖಾಕಿ ಪ್ಯಾಂಟು ಕತ್ತರಿಸಿ ತರಕಾರಿ ಚೀಲ ಹೊಲಿದಳು. ಎರಡು ಕಾಲು ಸೇರಿ ಒಂದು ಚೀಲ, ಸೊಂಟದ ಪಟ್ಟಿಯೇ ಹಿಡಿ. ನಿಜ ಗೊತ್ತಾಗುವ ಹೊತ್ತಿಗೆ ಚೀಲದ ತುಂಬ ಬದನೆಕಾಯಿ ಇತ್ತು.

ಕಂಪ್ಯೂಟರ್ ರೂಮಿನಲ್ಲಿ ಯಂತ್ರಕ್ಕಾಗಿ ಯಾವಾಗಲೂ ಚಳಿ ಮಾಡಿಟ್ಟಿರುತ್ತಿದ್ದರು. ಮೇ ತಿಂಗಳ ಕತ್ತರಿ ಬಿಸಿಲಿನ ದಿನಗಳಲ್ಲಿ, ಮದ್ರಾಸಿನ ಡಾಂಬರು ಚಪ್ಪಲಿಗೆ ಅಂಟುವಾಗ, ಕಂಕುಳಲ್ಲಿ ಸ್ವೆಟರ್ ಹಿಡಿದು ಲೋಕಲ್ ರೈಲು ಹತ್ತುವವನು ತಾಂಬರಂಗೆ ಅವನೊಬ್ಬನೇ. ಊಟಿಗೆ ಹೊರಟಿದ್ದೀರಾ ಎಂದು ದಿನಾ ಯಾರಾದರೂ ಕೇಳುತ್ತಿದ್ದರು. ಹೌದು, ಸಂಜೆ ಬರ್ತೀನಿ ಅನ್ನುತ್ತಿದ್ದ.

ಮಾರನೇ ವರ್ಷ ನಾಲ್ಕು ಹಳೇ ಯಂತ್ರ ಹೊರಗೆ ಹೋದವು, ಒಂದು ದೊಡ್ಡ ಯಂತ್ರ ಒಳಗೆ ಬಂತು. ಗಿರಿಧರ್ ಎಲ್ಲರನ್ನೂ ಕೂರಿಸಿ ವಿವರಿಸಿದ. ಹೊರಗಿಂದ ಇದು ಒಂದೇ. ಒಳಗೆ ನಾಲ್ಕು ಭಾಗ. ಒಂದೊಂದು ಭಾಗವೂ ತಾನೇ ಒಂದು ಪೂರ್ತಿ ಯಂತ್ರ ಅಂದುಕೊಂಡಿರುತ್ತದೆ. ಗೋಡೆ ಕಣ್ಣಿಗೆ ಕಾಣುವುದಿಲ್ಲ, ಆದರೆ ಇದೆ. ಟೇಪು ಹಾಕಿ ಓದಿಸುವ, ಬರೆಯಿಸುವ ಡ್ರೈವ್ ಮಾತ್ರ ಎರಡೇ. ಒಂದು ಭಾಗ ಬಿಟ್ಟುಕೊಟ್ಟ ಮೇಲೆಯೇ ಇನ್ನೊಂದು ಹಿಡಿಯಬೇಕು. ಯಂತ್ರದ ಬಲವನ್ನೂ ಪಾಲು ಮಾಡಿ ಹಂಚಬೇಕು. ಓದಿದವರು ಮೂರು ದಿನ ತಲೆ ಕೆರೆದುಕೊಂಡರು.

"ವಠಾರ ಸಾರ್," ಅಂದ ತಿರುಮಲೇಶ. "ನಮ್ದೂ ಹಂಗೇನೇ."

ಅವನಿಗೆ ಅದು ಹೊಸದಾಗಿ ಕಲಿಯುವ ವಿಷಯವೇ ಆಗಲಿಲ್ಲ. ಬೆಳಿಗ್ಗೆ ಯಂತ್ರದ ಮೊದಲನೇ ಮನೆಯಲ್ಲಿ ಆ ದಿನದ ಪಾಲಿಸಿ ಕೆಲಸ ಜೋರು, ಅದಕ್ಕೆ ದೊಡ್ಡ ಪಾಲು. ಮಧ್ಯಾಹ್ನ ಎರಡನೇ ಮನೆಗೆ ಅಚ್ಚಿನ ಕೆಲಸ, ಪಾಲು ಆ ಕಡೆ ಸರಿಸು. ವಠಾರದ ಒಂದು ಮನೆಯಲ್ಲಿ ನಾಮಕರಣ ಇದ್ದರೆ ಮಿಕ್ಕ ಮೂರು ಮನೆಯವರು ಪಂಪಿನ ಹತ್ತಿರ ಸುಳಿಯುವುದಿಲ್ಲ. ಹಾಗಂತ ಕುಡಿಯುವ ಒಂದು ಕೊಡ ಯಾರಿಗೂ ತಪ್ಪಿಸುವ ಹಾಗಿಲ್ಲ. ಅಷ್ಟು ಗೊತ್ತಿದ್ದರೆ ಆಯಿತು.

ಡ್ರೈವ್ ಈಗ ಯಾವ ಮನೆಯದು ಎಂದು ನೋಡಿದ ಕೂಡಲೇ ತಿಳಿಯಬೇಕಲ್ಲ. ಒಂದು ಸಂಜೆ ಜಲಜಾಳ ಹತ್ತಿರ ಬಂದು ಹಳೇ ಬಳೆ ಇದ್ದರೆ ಕೊಡು ಅಂದ. ಯಾರಿಗೆ ಅಂತ ಅವಳು ಕೇಳಿದಳು, ಸೊಂಟದ ಮೇಲೆ ಕೈಯಿಟ್ಟು. ಕಥೆ ಕೇಳಿದ ಮೇಲೆ ಗಾಜಿನವು ಒಡೆಯುತ್ತವೆ ಎಂದು ಪ್ಲಾಸ್ಟಿಕ್ ಬಳೆ ಹುಡುಕಿ ಕೊಟ್ಟಳು. ಹಸಿರು, ಕೆಂಪು, ನೀಲಿ, ಹಳದಿ. ಎರಡು ಡ್ರೈವಿಗೂ ಒಂದೊಂದು ಕೊಕ್ಕೆ ಅಂಟಿಸಿದ. ಮನೆಗೊಂದು ಬಣ್ಣ, ಡ್ರೈವ್ ಯಾವ ಮನೆಗೆ ಹೋಯಿತೋ ಆ ಬಣ್ಣದ ಬಳೆ ನೇತುಹಾಕಿದ. ಆಫೀಸಿನವರು ಬಿಡುತ್ತಾರೆಯೇ? ಗಂಡಸಾಗಿ ಬಳೆ ತೊಟ್ಕೊಂಡು ಕೂತಿದೀಯಲ್ಲಯ್ಯಾ ಎಂದು ರೇಗಿಸಿದರು. ಹೆಸರೇ ಬಳೆ ತಿರುಮಲೇಶ ಅಂತಾಯಿತು. ಅವನು ನಕ್ಕು ಕೆಂಪು ತೆಗೆದು ನೀಲಿ ಹಾಕುತ್ತಿದ್ದ.

ಆಮೇಲೆ ತೊಂಬತ್ತೊಂಬತ್ತು ಬಂತು. ಎರಡು ಸಾವಿರದ ಇಸ್ವಿ ಹುಟ್ಟಿದ ಕ್ಷಣ ಕಂಪ್ಯೂಟರುಗಳೆಲ್ಲ ಕೆಟ್ಟುಹೋಗುತ್ತವೆ ಎಂದು ಪೇಪರಿನಲ್ಲಿ ಬರುತ್ತಿದ್ದ ಕಾಲ. ಬೋರಮ್ಮ ಪ್ರಳಯಕ್ಕೆ ಅಂತ ಒಂದು ಡಬ್ಬ ಹುರಿಗಡಲೆ ಎತ್ತಿಟ್ಟಿದ್ದಳು. ಗಿಂಡಿಯಲ್ಲಿ ಅದನ್ನು ಪರೀಕ್ಷೆ ಮಾಡಿ ನೋಡಲು ಯಂತ್ರದ ಹಳದಿ ಮನೆಯ ಗಡಿಯಾರವನ್ನು ಮುಂದಕ್ಕೆ ತಿರುಗಿಸಿದರು. ಮೂರು ಮನೆಯಲ್ಲಿ ಏಪ್ರಿಲ್ ತಿಂಗಳು, ಹಳದಿ ಮನೆಯಲ್ಲಿ ಬರುವ ವರ್ಷದ ಜನವರಿ. ಪರೀಕ್ಷೆ ಮಾಡಲು ಬೇರೊಂದು ಕಂಪನಿಯಿಂದ ವರುಣ್ ಎಂಬ ಹುಡುಗ ಎಂಜಿನಿಯರ್ ಬಂದ. ಬೆಂಗಳೂರಿನವನು, ಬಲು ಚುರುಕು, ಅಷ್ಟೇ ಅವಸರ. ತಿರುಮಲೇಶ ಬೋರಮ್ಮನಿಗೆ ಬಂದು ಹೇಳಿದ, ಇವತ್ತು ಎರಡು ಸಾವಿರದ ಇಸ್ವಿಗೆ ಹೋಗಿ ಬಂದೆ ಅಕ್ಕಾ, ಏನೂ ಆಗಿಲ್ಲ, ಅಲ್ಲೂ ಸೆಕೆಯೇ. ಅವಳು ಆ ಹುರಿಗಡಲೆಯಲ್ಲಿ ಅರ್ಧ ತಿಂದಳು. ಮಿಕ್ಕರ್ಧ ಯಾತಕ್ಕೂ ಇರಲಿ ಎಂದು ಇಟ್ಟುಕೊಂಡಳು.

ಅದೇ ತಿಂಗಳು ಹೆಡ್ಡಾಫೀಸಿನಿಂದ ಕಾಗದ ಬಂತು. ಸರ್ಟಿಫಿಕೇಟ್ ಇಲ್ಲದವರು ಜೂನ್ ಆದಮೇಲೆ ಆಪರೇಟರ್ ಕುರ್ಚಿಯಲ್ಲಿ ಇರಬಾರದು. ಯಾರನ್ನಾದರೂ ಉಳಿಸಿಕೊಳ್ಳಲೇಬೇಕು ಎಂದಿದ್ದರೆ ಮ್ಯಾನೇಜರ್ ಕಾರಣ ಬರೆದು ತಿಂಗಳ ಕೊನೆಗೆ ಕಳಿಸಬೇಕು. ಗಿರಿಧರ್ ನೋಡ್ತೀನಿ ಅಂದ. ಗಿರಿಧರನ ನೋಡ್ತೀನಿಯಲ್ಲಿ ಹೌದೂ ಇತ್ತು, ಇಲ್ಲವೂ ಇತ್ತು. ಬರೆದರೆ ಕುರ್ಚಿ, ಬರೆಯದಿದ್ದರೆ ಖಾಕಿ.

ಜಲಜಾ ಅನ್ನ ಬಡಿಸುತ್ತಾ ಅಂದಳು, "ಚೀಲ ಬಿಚ್ಚಿ ಪ್ಯಾಂಟು ಹೊಲಿಯೋಕೆ ನನ್ ಕೈಲಾಗಲ್ಲ. ಈಗ್ಲೇ ಹೇಳ್ಬಿಟ್ಟಿದೀನಿ."

ತಮಾಷೆಗೇ ಅಂದದ್ದು. ಅವನೂ ನಕ್ಕ. ಆದರೆ ಅವತ್ತು ಎರಡನೇ ಸಲ ಅನ್ನ ಹಾಕಿಸಿಕೊಳ್ಳಲಿಲ್ಲ.

ಗಿರಿಧರ್ ಕಳಿಸಬೇಕಾದ ವರದಿ ಹೋಗಲು ನಾಲ್ಕು ದಿನ ಇತ್ತು. ಮಾರ್ಚಿಗೆ ಮುಗಿದ ಇಡೀ ವರ್ಷದ ಪಾಲಿಸಿ ಕೆಲಸ ಒಂದೇ ಟೇಪಿನಲ್ಲಿ ಕೂತಿತ್ತು. ಅಂಗೈಯಗಲದ ಡಬ್ಬಿ. ಅದಕ್ಕೆ ಎರಡನೇ ಪ್ರತಿ ಇನ್ನೂ ಆಗಿರಲಿಲ್ಲ. ಪ್ರತಿ ತೆಗೆಯುವುದು ಅವತ್ತಿನ ಕೆಲಸ, ಹಸಿರು ಮನೆಯಲ್ಲಿ. ತಿರುಮಲೇಶ ಮೊಸರನ್ನ ತಿಂದು ಕೈ ತೊಳೆದು ಬಂದ. ಎರಡೂ ಡ್ರೈವಿನ ಮೇಲೆ ಹಸಿರು ಬಳೆ ತೂಗುತ್ತಿತ್ತು. ಟೇಪ್ ಡಬ್ಬಿಯ ಮೂಲೆಯಲ್ಲಿ ಒಂದು ಪುಟ್ಟ ಚಕ್ರ ಇರುತ್ತದೆ. ಅದನ್ನು ಬೆರಳಲ್ಲಿ ತಿರುಗಿಸಿದರೆ ಯಂತ್ರ ಟೇಪು ಓದಬಹುದು, ಬರೆಯುವ ಹಾಗಿಲ್ಲ, ಅಳಿಸುವ ಹಾಗಿಲ್ಲ. ತಿರುಮಲೇಶ ತುಂಬಿದ ಟೇಪು ಕೈಗೆ ಬಂದರೆ ಮೊದಲು ಚಕ್ರ ತಿರುಗಿಸುತ್ತಿದ್ದ, ಆಮೇಲೆ ಹೆಜ್ಜೆ ಇಡುತ್ತಿದ್ದ. ಅವತ್ತೂ ಹಾಗೇ ತಿರುಗಿಸಿ ಡ್ರೈವಿಗೆ ಹಾಕಿದ.

ಯಂತ್ರ ಕೂಗಿತು. ಪರದೆಯಲ್ಲಿ ಸಾಲು ಬಂತು. ಆದರೆ ಹಸಿರು ಮನೆಯ ಪರದೆಯಲ್ಲಲ್ಲ, ಹಳದಿ ಮನೆಯ ಪರದೆಯಲ್ಲಿ. ಈ ಟೇಪಿನ ಮೇಲೆ ಬರೆಯಬೇಕು, ಬರೆಯಲು ಬಿಡುತ್ತಿಲ್ಲ ಎಂಬ ಸಾಲು.

ಅವನು ತಿರುಗಿ ಬಳೆ ನೋಡಿದ, ಹಸಿರೇ ಇತ್ತು.

ಆಗಿದ್ದು ಇಷ್ಟು. ಊಟದ ಹೊತ್ತಿನಲ್ಲಿ ಒಂದು ಡ್ರೈವ್ ಸುಮ್ಮನಿದೆ ಎಂದು ವರುಣ್ ಮಹಡಿ ಮೇಲೆ ತನ್ನ ಟೇಬಲ್ಲಿನಲ್ಲಿ ಕೂತೇ ಅದನ್ನು ಹಸಿರು ಮನೆಯಿಂದ ಬಿಡಿಸಿ ಹಳದಿ ಮನೆಗೆ ಕೊಟ್ಟುಕೊಂಡಿದ್ದ. ಕೆಳಗೆ ಬಂದು ಬಳೆ ಬದಲಾಯಿಸಿರಲಿಲ್ಲ. ಆ ಟೇಪನ್ನು ಆರು ತಿಂಗಳು ಅಳಿಸಬಾರದು ಎಂದು ಟೇಪಿನಲ್ಲೇ ವಾಯಿದೆ ಬರೆದಿತ್ತು. ಹಳದಿ ಮನೆಗೆ ಆಗಲೇ ಜನವರಿ. ಅದರ ಲೆಕ್ಕಕ್ಕೆ ವಾಯಿದೆ ಮುಗಿದು ತಿಂಗಳುಗಳಾಗಿದ್ದವು. ಖಾಲಿ ಕೊಡ ಅಂದುಕೊಂಡು ಬಗ್ಗಿಸಲು ಹೊರಟಿತ್ತು. ಚಕ್ರ ಅಡ್ಡ ಬಂತು.

ಫೋನು ಬಂತು. ವರುಣ್.

"ತಿರುಮಲೇಶ್, ನನ್ನ ಕೆಲಸ ನಿಂತಿದೆ. ನೀವು ಹಾಕಿರೋ ಟೇಪಿನ ಚಕ್ರ ತಿರುಗ್ಸಿ ಮತ್ತೆ ಹಾಕಿ."

"ಅದು ಖಾಲಿ ಅಲ್ಲ ಸಾರ್."

"ವಾಯಿದೆ ಮುಗ್ದಿದೆ ಅಂತ ಮೆಷಿನ್ನೇ ಹೇಳ್ತಿದೆಯಲ್ರೀ."

"ನಿಮ್ಮನೇಲಿ ಎರಡು ಸಾವಿರದ ಇಸ್ವಿ ಸಾರ್, ಅಲ್ಲಿ ಮುಗ್ದಿರಬಹುದು. ನಮ್ಮನೇಲಿ ಇನ್ನೂ ತೊಂಬತ್ತೊಂಬತ್ತು."

ವರುಣ್, ಇವತ್ತು ಪರೀಕ್ಷೆ ಮುಗಿಯದಿದ್ದರೆ ತಿರುಮಲೇಶನ ಹೆಸರನ್ನೇ ಮೇಲಕ್ಕೆ ಬರೆಯುತ್ತೇನೆ ಅಂದ. ನೀವು ಯಾವ ಸರ್ಟಿಫಿಕೇಟ್ ಮಾಡಿದೀರಿ ಅಂತಲೂ ಕೇಳಿದ.

"ಯಾವ್ದೂ ಇಲ್ಲ ಸಾರ್," ಅಂದ ತಿರುಮಲೇಶ. "ಟೇಪು ಮಾತ್ರ ಕೊಡಲ್ಲ."

ಟೇಪು ಹೊರಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತ. ಗಿರಿಧರ್ ಅಡ್ಯಾರಿನಲ್ಲಿ ಮೀಟಿಂಗಿಗೆ ಹೋಗಿದ್ದ. ಬರಲು ಒಂದು ಗಂಟೆ. ಅಷ್ಟು ಹೊತ್ತೂ ಫೋನು ಬಡಿದುಕೊಂಡಿತು. ಅವನು ಎತ್ತಲಿಲ್ಲ. ನಾಲ್ಕು ದಿನದಲ್ಲಿ ಹೋಗುವ ವರದಿ ಇವತ್ತೇ ಹೋಯಿತು ಅಂದುಕೊಂಡ. ಖಾಕಿ ಬಟ್ಟೆ ಮೀಟರಿಗೆ ಎಷ್ಟಿರಬಹುದು ಎಂದೂ ಯೋಚಿಸಿದ. ಚಕ್ರ ಮಾತ್ರ ಮುಟ್ಟಲಿಲ್ಲ.

ಗಿರಿಧರ್ ಬಂದ. ಹಿಂದೆಯೇ ವರುಣ್ ಮಹಡಿಯಿಂದ ಇಳಿದು ಬಂದ. ಗಿರಿಧರ್ ಟೇಪಿನ ಚೀಟಿ ಓದಿದ, ಪರದೆ ಓದಿದ, ಮತ್ತೆ ಚೀಟಿ ಓದಿದ. ಕುರ್ಚಿ ಎಳೆದು ಕೂತ. ಇದರ ಎರಡನೇ ಪ್ರತಿ ಎಲ್ಲಿದೆ ಎಂದು ಕೇಳಿದ. ಅದನ್ನು ಮಾಡೋಕೇ ಹಾಕಿದ್ದು ಅಂದ ತಿರುಮಲೇಶ. ಆಗ ವರುಣನ ಮುಖ ನೋಡಬೇಕಿತ್ತು. ಒಳ್ಳೆಯ ಹುಡುಗ, ಪಾಪ. ತಪ್ಪಾಯಿತು ಎಂದು ಇಬ್ಬರಿಗೂ ಹೇಳಿದ.

"ನಂದೂ ತಪ್ಪೈತೆ ಸಾರ್," ಅಂದ ತಿರುಮಲೇಶ. "ಬಳೆ ನಂಬ್ಕೊಂಡು ಪರದೆ ನೋಡ್ಲಿಲ್ಲ."

ಚಕ್ರ ಯಾಕೆ ತಿರುಗಿಸಿದ್ರಿ, ಹಾಗೆ ಮಾಡಬೇಕು ಅಂತ ಯಾರು ಹೇಳಿಕೊಟ್ಟರು ಎಂದು ಗಿರಿಧರ್ ಕೇಳಿದ. ತಿರುಮಲೇಶ ಬೋರಮ್ಮ ಅಂದ. ಯಾವ ಇನ್‌ಸ್ಟಿಟ್ಯೂಟು ಅಂದ ಗಿರಿಧರ್. ಆಮೇಲೆ ತಟ್ಟೆಯ ಕಥೆ ಕೇಳಿ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕ.

ತಿರುಮಲೇಶ ಎದ್ದು ಡ್ರೈವನ್ನು ಹಳದಿ ಮನೆಯಿಂದ ಬಿಡಿಸಿದ, ಹಸಿರು ಮನೆಗೆ ಕೊಟ್ಟ, ಪರದೆ ನೋಡಿದ, ಬಳೆ ನೋಡಿದ. ಟೇಪು ಹಾಕಿದ. ಎರಡನೇ ಪ್ರತಿ ಆಯಿತು. ಆಮೇಲೆ ವರುಣನಿಗೆ ನಿಜವಾಗಿ ಖಾಲಿಯಿದ್ದ ಒಂದು ಟೇಪು ಹುಡುಕಿ ಕೊಟ್ಟ. ಅವನ ಪರೀಕ್ಷೆಯೂ ಅವತ್ತೇ ಮುಗಿಯಿತು.

ವರದಿಯನ್ನು ಗಿರಿಧರ್ ಇಂಗ್ಲಿಷಿನಲ್ಲಿ ಬರೆದ, ಕಳಿಸುವ ಮೊದಲು ಕನ್ನಡದಲ್ಲಿ ಓದಿ ಹೇಳಿದ. ಈ ಮನುಷ್ಯನಿಗೆ ಸರ್ಟಿಫಿಕೇಟ್ ಇಲ್ಲ, ಇರುವವರು ಅಳಿಸಲು ಹೊರಟಿದ್ದನ್ನು ಇವನು ಉಳಿಸಿದ ಎಂದಿತ್ತು. ವರುಣ್ ತಾನಾಗಿಯೇ ಕೆಳಗೆ ಸಹಿ ಹಾಕಿದ. ಡ್ರೈವ್ ಬೇಕಾದವರು ಕೆಳಗಿಳಿದು ಬಂದು ಬಳೆ ಬದಲಾಯಿಸಿಯೇ ತಗೊಳ್ಳಬೇಕು ಎಂದು ಗೋಡೆಗೆ ಕಾಗದ ಅಂಟಿಸಿದರು. ಆಮೇಲೆ ದೊಡ್ಡ ಪಗಾರದ ಎಂಜಿನಿಯರುಗಳೂ ಬಳೆ ಹಿಡಿದು ಓಡಾಡಿದರು. ಯಾರೂ ಯಾರನ್ನೂ ರೇಗಿಸಲಿಲ್ಲ.

ಜೂನ್ ಹತ್ತಕ್ಕೆ ಉತ್ತರ ಬಂತು. ತಾತ್ಕಾಲಿಕ ಎಂಬ ಮಾತು ಅದರಲ್ಲಿ ಇರಲಿಲ್ಲ. ತಿರುಮಲೇಶ ಗಿಂಡಿಯಿಂದ ತಾಂಬರಂವರೆಗೂ ಸ್ವೆಟರ್ ಬಿಚ್ಚುವುದನ್ನೇ ಮರೆತು ನಿಂತುಕೊಂಡು ಬಂದ. ಜಲಜಾ ಪಂಪಿನ ಹತ್ತಿರ ಇದ್ದಳು. ಮುಖ ನೋಡಿಯೇ ಅವಳಿಗೆ ಗೊತ್ತಾಯಿತು. ಬೋರಮ್ಮ ವಿಷಯ ತಿಳಿದು, ನನ್ನ ತಟ್ಟೆಗೆ ಏನು ಕೊಡ್ತಾರಂತೆ ಎಂದು ಕೇಳಿದಳು. ಅವಳಿಗೆ ಅರ್ಧ ಕೇಜಿ ಮೈಸೂರುಪಾಕು ಹೋಯಿತು.

ಜನವರಿ ಒಂದನೇ ತಾರೀಕು ಬೆಳಿಗ್ಗೆ ಎಲ್ಲರೂ ಹೊರಗೆ ಬಂದು ಒಬ್ಬರನ್ನೊಬ್ಬರು ನೋಡಿಕೊಂಡರು. ಪಂಪಿನಲ್ಲಿ ನೀರು ಬಂತು, ರೈಲು ಓಡಿತು. ತಿರುಮಲೇಶ ಹಲ್ಲುಜ್ಜುತ್ತಾ, ಇದನ್ನೆಲ್ಲ ನಾನು ಏಪ್ರಿಲ್‌ನಲ್ಲೇ ನೋಡಿಯಾಗಿದೆ ಅಂದ. ಬೋರಮ್ಮ ಮಿಕ್ಕ ಹುರಿಗಡಲೆಯನ್ನು ಎಲ್ಲರಿಗೂ ಹಂಚಿದಳು.

ಆ ಕುರ್ಚಿಯಲ್ಲಿ ಅವನು ಇನ್ನೂ ಆರು ವರ್ಷ ಕೂತ. ಎರಡು ಸಾವಿರದ ಆರರಲ್ಲಿ ಎದೆನೋವು ಬಂತು. ಎರಡು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡ. ಅಷ್ಟೇ. ಗಿರಿಧರ್ ಮನೆಗೆ ಬಂದು ಜಲಜಾಳ ಎದುರು ಕೂತ. ಈಗ ಯಂತ್ರ ಬೇರೆ, ಒಳಗೆ ನಾಲ್ಕಲ್ಲ, ಹದಿನಾರು ಮನೆ, ಆದರೂ ಬಳೆ ತೆಗೆದಿಲ್ಲ, ಬಣ್ಣ ಸಾಲದೆ ಇನ್ನಷ್ಟು ಕೊಂಡು ತಂದಿದ್ದೇವೆ ಎಂದು ಹೇಳಿದ.

ಜಲಜಾ ತಾಂಬರಂ ಮಾರ್ಕೆಟ್ಟಿಗೆ ಈಗಲೂ ಖಾಕಿ ಚೀಲವನ್ನೇ ಒಯ್ಯುತ್ತಾಳೆ. ಬಣ್ಣ ಹೋಗಿದೆ. ಹೊಲಿಗೆ ಒಂದೂ ಬಿಟ್ಟಿಲ್ಲ.